ಕೆನೂಗೆ ಹಾಯಿ ಕಟ್ಟುವವರೇ, ಆ ಹಗ್ಗಕ್ಕೆ ಮಾತ್ರ ಗಂಟು ಹಾಕಬೇಡಿ

ಕೆನಡಾದ ಒಂಟಾರಿಯೋದಲ್ಲಿ ಇರುವ ನಮ್ಮವರು ಸುಮಾರು ಜನ ಈಗ ಕೆನೂ ಅನ್ನುವ ಕಿರಿದಾದ ಹುಟ್ಟುದೋಣಿ ಕೊಳ್ಳುತ್ತಿದ್ದಾರೆ. ನಾಲ್ಕು ಬೇಸಿಗೆ ಹುಟ್ಟು ಹಾಕಿ ತೋಳು ಸೋತ ಮೇಲೆ ಇದಕ್ಕೊಂದು ಹಾಯಿ ಕಟ್ಟಿದರೆ ಹೇಗೆ ಅಂತ ಒಂದಲ್ಲ ಒಂದು ದಿನ ಅನ್ನಿಸಿಯೇ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಹೋದ ಮೇ ತಿಂಗಳು, ವಿಕ್ಟೋರಿಯಾ ಡೇ ರಜೆಯಲ್ಲಿ, ನಾನು ಮತ್ತು ನನ್ನ ಭಾವಮೈದ ಸಿಮ್ಕೋ ಸರೋವರದಲ್ಲಿ ದೋಣಿ ಮಗುಚಿ ನೀರಿಗೆ ಬಿದ್ದೆವು. ಬದುಕಿದ್ದೇವೆ. ಲೈಫ್ ಜಾಕೆಟ್ ಮೈಮೇಲೆ ಇತ್ತು, ಮೀನು ಹಿಡಿಯುವ ಬೋಟೊಂದು ಕೂಗಳತೆಯಲ್ಲಿತ್ತು. ಈ ಎರಡು ಬಿಟ್ಟರೆ ಆ ದಿನ ಬೇರೆ ಯಾವುದೂ ಸರಿ ಇರಲಿಲ್ಲ. ಏನೇನು ತಪ್ಪಾಯಿತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ನನ್ನ ಕೆನೂ 16 ಅಡಿಯದು, ಪಾಲಿಎಥಿಲೀನ್ ಮೈ. ಇಲ್ಲಿ ಎಲ್ಲರ ಮನೆ ಹಿತ್ತಲಲ್ಲೂ ಕಾಣುವಂಥದ್ದೇ. ಹಾಯಿಯ ಕಿಟ್ಟನ್ನು ಆನ್‌ಲೈನಲ್ಲಿ ತರಿಸಿದೆ. ಅಂಗಡಿಯ ಹೆಸರು ಹೇಳುವುದಿಲ್ಲ, ಇಂಥ ಕಿಟ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. 65 ಚದರ ಅಡಿಯ ತ್ರಿಕೋನ ಹಾಯಿ, ಅಲ್ಯುಮಿನಿಯಂ ಕಂಬ, ಕಂಬವನ್ನು ಹಿಡಿದುಕೊಳ್ಳಲು ದೋಣಿಯ ಅಂಚಿನಿಂದ ಅಂಚಿಗೆ ಕೂರಿಸುವ ಅಡ್ಡಪಟ್ಟಿ, ಕಂಬದ ಬುಡ ನಿಲ್ಲಲು ಒಂದು ಪ್ಲಾಸ್ಟಿಕ್ ಬಟ್ಟಲು, ಒಂದು ಲೀಬೋರ್ಡ್, ಅಂದರೆ ದೋಣಿಯ ಪಕ್ಕದಲ್ಲಿ ನೀರಿಗೆ ಇಳಿಸುವ ಹಲಗೆ. 17 ಅಡಿವರೆಗಿನ ಯಾವ ಕೆನೂಗಾದರೂ ಕೂರುತ್ತದೆ, ಅರ್ಧ ಗಂಟೆಯ ಕೆಲಸ ಅಂತ ಬರೆದಿದ್ದರು. ನಾನು ನಂಬಿದೆ.

ಮೊದಲು ಆ ಬಟ್ಟಲಿನ ವಿಷಯ. ಅದನ್ನು ದೋಣಿಯ ತಳಕ್ಕೆ ಅಂಟಿಸಬೇಕು, ಅಂಟು ಕಿಟ್ಟಿನಲ್ಲೇ ಇತ್ತು. ಪಾಲಿಎಥಿಲೀನ್‌ಗೆ ಮಾಮೂಲಿ ಅಂಟು ಹಿಡಿಯುವುದಿಲ್ಲ. ಅಂಟಿನ ಡಬ್ಬಿಗಳನ್ನೇ ಆ ಪ್ಲಾಸ್ಟಿಕ್‌ನಲ್ಲಿ ಮಾಡುತ್ತಾರೆ, ಅಂದಮೇಲೆ ಯೋಚಿಸಿ. ನನಗೆ ಇದು ಆಮೇಲೆ ಗೊತ್ತಾಯಿತು. ಅಂಟಿಸಿ ಎರಡು ದಿನ ಬಿಟ್ಟೆ, ಕಾಲಿನಿಂದ ಒದ್ದು ನೋಡಿದೆ, ಅಲ್ಲಾಡಲಿಲ್ಲ. ಅಷ್ಟು ಸಾಕು ಅಂದುಕೊಂಡೆ.

ಸಾಕಾಗುವುದಿಲ್ಲ. ಯಾಕೆ ಅಂದರೆ ಕಂಬ ಅನ್ನುವುದು ಒಂದು ಸನ್ನೆಗೋಲು. ಗಾಳಿ ದೂಡುವುದು ಮೇಲೆ, ಹಾಯಿಯ ನಡುಮಧ್ಯ, ಅಂದರೆ ಅಡ್ಡಪಟ್ಟಿಯಿಂದ ನಾಲ್ಕೈದು ಅಡಿ ಎತ್ತರದಲ್ಲಿ. ಅಡ್ಡಪಟ್ಟಿಯಿಂದ ಕೆಳಗೆ ಬಟ್ಟಲಿನವರೆಗೆ ಇರುವುದು ಒಂದಡಿ, ಹೆಚ್ಚೆಂದರೆ ಒಂದೂಕಾಲು ಅಡಿ. ಗಂಟೆಗೆ 25 ಕಿಲೋಮೀಟರಿನ ಗಾಳಿ ಆ ಹಾಯಿಯನ್ನು ಸುಮಾರು 20 ಕಿಲೋ ತೂಕದಷ್ಟು ದೂಡುತ್ತದೆ. ಮೇಲೆ 20 ಅಂದರೆ ಕೆಳಗೆ ಬಟ್ಟಲಿನ ಮೇಲೆ 80 ಆಯಿತು. ದೊಡ್ಡ ಮನುಷ್ಯನೊಬ್ಬ ಅದನ್ನು ಪಕ್ಕದಿಂದ ತಳ್ಳುತ್ತಾ ನಿಂತ ಹಾಗೆ. ಇನ್ನೊಂದು ಲೆಕ್ಕವೂ ಇದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಸಣ್ಣ ಗಾಳಿಯಲ್ಲಿ ಗಟ್ಟಿ ಅನ್ನಿಸಿದ ಕಂಬ ಬೀಸುಗಾಳಿಗೆ ಕಿತ್ತು ಬರುವುದು ಹೀಗೆ.

ಹಾಯಿಯ ಅಳತೆಯೂ ಜಾಸ್ತಿಯಾಗಿತ್ತು. ಅಮೆರಿಕನ್ ಕೆನೂ ಅಸೋಸಿಯೇಷನ್ 1880ರಿಂದ ಇದೆ. ಅವರ ಹಾಯಿ ಕೆನೂ ರೇಸುಗಳಲ್ಲಿ ಬಹಳ ಕಾಲದಿಂದ ನಡೆದುಬಂದ ತ್ರಿಕೋನ ಹಾಯಿ 44 ಚದರ ಅಡಿಯದು. ಅದೂ ಪಳಗಿದವರ ಕೈಯಲ್ಲಿ. ನಾನು ಹೊಸಬ, ಅದರ ಒಂದೂವರೆ ಪಟ್ಟು ಕಟ್ಟಿಕೊಂಡು ಹೊರಟಿದ್ದೆ. ಗಾಳಿ ಜಾಸ್ತಿಯಾದರೆ ಮಡಚಿ ಚಿಕ್ಕದು ಮಾಡಲು ಆ ಹಾಯಿಯಲ್ಲಿ ವ್ಯವಸ್ಥೆಯೇ ಇರಲಿಲ್ಲ. ಪೂರ್ತಿ ಇರಬೇಕು, ಇಲ್ಲವೇ ಇಳಿಸಬೇಕು, ನಡುವೆ ಏನೂ ಇಲ್ಲ.

ಇನ್ನು ಜಾಗ. ನಾವು ಹೊರಟದ್ದು ಬ್ಯಾರಿಯಿಂದ. ಆ ಊರು ಇರುವುದು ಸಿಮ್ಕೋ ಸರೋವರದ ಕೆಂಪನ್‌ಫೆಲ್ಟ್ ಕೊಲ್ಲಿಯ ಪಶ್ಚಿಮದ ತುದಿಯಲ್ಲಿ. ಕೊಲ್ಲಿ ಕಿರಿದಾಗಿ, ಉದ್ದಕ್ಕೆ ಪೂರ್ವದ ಕಡೆ ಚಾಚಿಕೊಂಡು ಹೋಗಿ ದೊಡ್ಡ ಸರೋವರಕ್ಕೆ ಸೇರುತ್ತದೆ. ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಅಂದರೆ ಬ್ಯಾರಿಯ ದಡದಲ್ಲಿ ನಿಂತವನ ಬೆನ್ನಿಗೆ ಗಾಳಿ. ದಡದ ಹತ್ತಿರ ನೀರು ತಟ್ಟೆಯ ಹಾಗೆ ಇರುತ್ತದೆ, ಯಾಕೆಂದರೆ ಅಲೆ ಏಳಲು ಗಾಳಿಗೆ ಇನ್ನೂ ಜಾಗ ಸಿಕ್ಕಿರುವುದಿಲ್ಲ. ದೂರ ಹೋದಷ್ಟೂ ಅಲೆ ದೊಡ್ಡದು. ದಡದಿಂದ ನೋಡಿದರೆ ಅದು ಕಾಣುವುದೂ ಇಲ್ಲ. ನಿಮಗೆ ಕಾಣುವುದು ಅಲೆಗಳ ಬೆನ್ನು ಮಾತ್ರ, ನೊರೆ ಒಡೆಯುವುದು ಆ ಕಡೆಗೆ. ಈ ಮಾತು ನನಗೆ ಯಾರಾದರೂ ಮೊದಲೇ ಹೇಳಿದ್ದರೆ ಆ ದಿನ ಮನೆಯಲ್ಲೇ ಇರುತ್ತಿದ್ದೆ.

ಬಿಸಿಲು ಚೆನ್ನಾಗಿತ್ತು, 23 ಡಿಗ್ರಿ. ಭಾವಮೈದ ಹಾಸನದಿಂದ ಬಂದು ಎರಡು ವಾರ ಆಗಿತ್ತು. ಬಾವಿಯಲ್ಲಿ ಈಜು ಕಲಿತವನು, ನೀರಿನ ಭಯ ಇಲ್ಲ. ಲೈಫ್ ಜಾಕೆಟ್ ಯಾಕೆ ಅಂದ. ಹಾಕಿಕೊಳ್ಳದೆ ದೋಣಿ ಹತ್ತುವಂತಿಲ್ಲ ಅಂದೆ. ಆ ದಿನ ನಾನು ಆಡಿದ ಸರಿಯಾದ ಮಾತು ಅದೊಂದೇ.

ಹಾಯಿ ಏರಿಸಿದ ಕೂಡಲೇ ದೋಣಿ ಹೊರಟಿತು. ಆ ಖುಷಿಯನ್ನು ನಾನು ಸುಳ್ಳು ಅನ್ನುವುದಿಲ್ಲ. ಹುಟ್ಟಿನ ಸದ್ದಿಲ್ಲ, ಮೂತಿಯ ಕೆಳಗೆ ನೀರು ಗುಳುಗುಳು ಅನ್ನುತ್ತದೆ, ನಾವಿಬ್ಬರೂ ಸುಮ್ನೆ ಕೂತಿದ್ದೇವೆ, ಊರು ಹಿಂದೆ ಸರಿಯುತ್ತಿದೆ. ಬೆನ್ನ ಗಾಳಿಯಲ್ಲಿ ಹೋಗುವಾಗ ಗಾಳಿ ಎಷ್ಟಿದೆ ಅಂತ ಮೈಗೆ ತಿಳಿಯುವುದಿಲ್ಲ, ನಾವೂ ಅದರ ಜೊತೆಗೇ ಓಡುತ್ತಿರುತ್ತೇವಲ್ಲ. ಲೀಬೋರ್ಡ್ ಎತ್ತಿಯೇ ಇಟ್ಟಿದ್ದೆ. ಮಾರಿದವರಿಗೆ ಫೋನ್ ಮಾಡಿ ಕೇಳಿದಾಗ, ಗಾಳಿ ಹಿಂದಿನಿಂದ ಇದ್ದರೆ ಅದು ಬೇಕಾಗುವುದಿಲ್ಲ ಅಂದಿದ್ದರು. ಅದು ನಿಜವೇ. ಆದರೆ ವಾಪಸ್ ಬರುವುದು ಹೇಗೆ ಅಂತ ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಹಾಯಿಯನ್ನು ಎಳೆದು ಹಿಡಿಯುವ ಹಗ್ಗ ಇರುತ್ತದೆ, ಶೀಟ್ ಅನ್ನುತ್ತಾರೆ. ಹತ್ತು ನಿಮಿಷ ಹಿಡಿದ ಮೇಲೆ ಅಂಗೈ ಉರಿಯಲು ಶುರುವಾಯಿತು. ಕಿಟ್ಟಿನ ಚೀಟಿಯಲ್ಲಿ ಹಗ್ಗವನ್ನು ದೋಣಿಯ ಅಡ್ಡಪಟ್ಟಿಗೆ ಸುತ್ತಿ ಕಟ್ಟಿದ ಚಿತ್ರವೇ ಇತ್ತು. ನಾನೂ ಹಾಗೇ ಕಟ್ಟಿದೆ. ಎರಡು ಸುತ್ತು, ಮೇಲೊಂದು ಗಂಟು.

ಒಂದೂವರೆ ಕಿಲೋಮೀಟರ್ ಹೋಗಿರಬಹುದು. ಅಲೆಗಳು ಹಿಂದಿನಿಂದ ದೋಣಿಯ ಅಂಚಿನವರೆಗೆ ಏಳುತ್ತಿದ್ದವು. ಸಾಕು, ತಿರುಗಿಸೋಣ ಅಂದೆ. ಹಿಂದೆ ಕೂತು ಹುಟ್ಟಿನಿಂದ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸಲು ಹೋದೆ. ಅರ್ಧ ತಿರುಗಿತು, ಅಲ್ಲೇ ನಿಂತಿತು. ಕೆನೂವಿನ ತಳ ಚಪ್ಪಟೆ, ನೀರಿನಲ್ಲಿ ಅದಕ್ಕೆ ಹಿಡಿತ ಇಲ್ಲ. ಲೀಬೋರ್ಡ್ ಅನ್ನುವ ಆ ಹಲಗೆ ಪಕ್ಕದಲ್ಲಿ ನೀರಿಗೆ ಇಳಿದಿದ್ದರೆ ಮಾತ್ರ ದೋಣಿ ಗಾಳಿಯನ್ನು ತಡೆದು ಮುಂದಕ್ಕೆ ಹೋಗುತ್ತದೆ, ಇಲ್ಲದಿದ್ದರೆ ಎಲೆಯ ಹಾಗೆ ಅಡ್ಡಕ್ಕೆ ತೇಲುತ್ತದೆ. ಈಗ ಗಾಳಿ ಪಕ್ಕದಿಂದ, ಅಲೆ ಪಕ್ಕದಿಂದ, ಹಾಯಿ ಪೂರ್ತಿ ತುಂಬಿದೆ. ದೋಣಿ ವಾಲಿತು. ಎದ್ದಿತು. ಮತ್ತೆ ವಾಲಿತು.

ಹಗ್ಗ ಬಿಡಬೇಕು ಅಂತ ಹೊಳೆಯಿತು. ಕೈ ಹಾಕಿದೆ. ಒದ್ದೆಯಾದ ನೈಲಾನ್ ಗಂಟು, ಅದರ ಮೇಲೆ ಗಾಳಿಯ ಎಳೆತ, ಕಲ್ಲಿನ ಹಾಗೆ ಆಗಿತ್ತು. ಉಗುರು ಸಿಕ್ಕಿಸಿ ಎಳೆದೆ, ಹೆಬ್ಬೆರಳಿನ ಉಗುರು ಮುರಿಯಿತು, ಗಂಟು ಕದಲಲಿಲ್ಲ. ಅಷ್ಟರಲ್ಲಿ ಮುಂದಿನಿಂದ ಟಕ್ ಅಂತ ಸದ್ದು. ಬಟ್ಟಲು ಕಿತ್ತುಕೊಂಡಿತ್ತು. ಕಂಬದ ಬುಡ ತಳದ ಮೇಲೆ ಜಾರಿ ಗೋಡೆಗೆ ಹೊಡೆಯಿತು, ತುದಿ ಎದುರು ಬದಿಗೆ ಬಾಗಿ ಹಾಯಿ ನೀರು ಮುಟ್ಟಿತು. ಆಮೇಲೆ ಎಲ್ಲ ಒಂದು ಉಸಿರಿನಷ್ಟು ಹೊತ್ತು.

ನೀರು ಎಷ್ಟು ತಣ್ಣಗಿತ್ತು ಅಂತ ಹೇಳಲು ಬರುವುದಿಲ್ಲ. ಮೇ ತಿಂಗಳಲ್ಲಿ ಬಿಸಿಲಿಗೆ ದಡದ ಮರಳು ಬೆಚ್ಚಗಾಗಿರುತ್ತದೆ, ಆದರೆ ಆ ನೀರಿನ ಮೇಲೆ ಕೆಲವೇ ವಾರಗಳ ಹಿಂದೆ ಮಂಜುಗಡ್ಡೆ ಇತ್ತು. ಬಿದ್ದ ಕೂಡಲೇ ಬಾಯಿ ತಾನಾಗಿ ತೆರೆದು ಉಸಿರು ಒಳಗೆ ಎಳೆದುಕೊಳ್ಳುತ್ತದೆ, ನಾವು ತಡೆಯಲು ಆಗುವುದಿಲ್ಲ. ಆ ಕ್ಷಣ ತಲೆ ನೀರಿನೊಳಗಿದ್ದರೆ ಒಳಗೆ ಹೋಗುವುದು ನೀರು. ಜಾಕೆಟ್ ತಲೆಯನ್ನು ಮೇಲೆ ಹಿಡಿದಿತ್ತು. ಬಾವಿಯಲ್ಲಿ ಈಜು ಕಲಿತ ಹುಡುಗ ನನ್ನಿಂದ ಎರಡು ಮಾರು ದೂರದಲ್ಲಿ ಕಣ್ಣು ಅಗಲಿಸಿಕೊಂಡು ಹಾ ಹಾ ಅಂತ ಉಸಿರು ಎಳೆಯುತ್ತಿದ್ದ. ಒಂದು ಕೈ ಬೀಸಿ ಈಜಲೂ ಅವನಿಗೆ ಆಗುತ್ತಿರಲಿಲ್ಲ.

ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ತಣ್ಣೀರಿನಲ್ಲಿ ದೇಹಕ್ಕೆ ಏನಾಗುತ್ತದೆ ಅಂತ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಹೇಳುವ ಲೆಕ್ಕ 1-10-1. ಉಸಿರು ಹತೋಟಿಗೆ ಬರಲು 1 ನಿಮಿಷ. ಕೈಕಾಲು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ. ಪ್ರಜ್ಞೆ ತಪ್ಪುವವರೆಗೆ ಸುಮಾರು 1 ಗಂಟೆ. ಇದನ್ನು ಮೊದಲೇ ಓದಿದ್ದೆ, ಆದರೆ ಆ ನಡುವಿನ 10 ನಿಮಿಷ ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಮೊದಲ ಐದು ನಿಮಿಷ ದೋಣಿಯನ್ನು ತಿರುಗಿಸಲು ನೋಡಿದೆವು. ಅದು ಪೂರ್ತಿ ಬೋರಲಾಗಿತ್ತು, ಕಂಬ ಕೆಳಕ್ಕೆ ನೇತಾಡುತ್ತಿತ್ತು, ಗಂಟು ಬಿಚ್ಚದ ಹಾಯಿ ನೀರು ತುಂಬಿಕೊಂಡು ಲಂಗರಿನ ಹಾಗೆ ಹಿಡಿದುಕೊಂಡಿತ್ತು. ಅಂಚು ಒಂದು ಗೇಣು ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಆಮೇಲೆ ನನ್ನ ಬೆರಳುಗಳು ಮಡಚುವುದನ್ನು ನಿಲ್ಲಿಸಿದವು. ಫೋನ್ ನೀರು ಹೋಗದ ಚೀಲದಲ್ಲಿತ್ತು, ಚೀಲವನ್ನು ಯಾವುದಕ್ಕೂ ಕಟ್ಟಿರಲಿಲ್ಲ, ಅದು ತೇಲಿಕೊಂಡು ಹೋಗುವುದನ್ನು ನೋಡುತ್ತಾ ಇದ್ದೆ.

ಉಳಿಸಿದ್ದು ಸೀಟಿ. ಇಲ್ಲಿ ದೋಣಿಯಲ್ಲಿ ಸದ್ದು ಮಾಡುವ ಸಾಧನ ಇರಲೇಬೇಕು ಅಂತ ಕಾನೂನಿದೆ, ಅದಕ್ಕೇ ಜಾಕೆಟ್ಟಿಗೆ ಒಂದು ಸೀಟಿ ಕಟ್ಟಿದ್ದೆ. ಬೆರಳಿನಿಂದ ಹಿಡಿಯಲು ಆಗಲಿಲ್ಲ, ಎರಡೂ ಅಂಗೈ ನಡುವೆ ಒತ್ತಿ ಬಾಯಿಗೆ ತಂದು ಊದಿದೆ. ಮೀನು ಹಿಡಿಯುತ್ತಿದ್ದ ಅಪ್ಪ, ಮಗಳು ಕೇಳಿಸಿಕೊಂಡು ಬಂದರು. ಬೋಟಿಗೆ ನಾವಾಗಿ ಹತ್ತಲು ಆಗಲಿಲ್ಲ. ಜಾಕೆಟ್ಟಿನ ಭುಜ ಹಿಡಿದು ಮೂಟೆಯ ಹಾಗೆ ಎಳೆದು ಹಾಕಿದರು. ಒಟ್ಟು ಇಪ್ಪತ್ತು ನಿಮಿಷ ನೀರಿನಲ್ಲಿ ಇದ್ದಿರಬಹುದು. ದಡಕ್ಕೆ ಬಂದು ಕಾರಿನ ಹೀಟರ್ ಹಾಕಿ ಕೂತೆವು. ಭಾವಮೈದ ಒಂದು ಗಂಟೆ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ: "ಅಕ್ಕನಿಗೆ ಹೇಳಬೇಕಾ?"

ಹೇಳಿದೆ. ಅವಳ ಮುಖ ನೋಡಿದ ಮೇಲೆ ಇದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ನಾನು ಗಂಗೊಳ್ಳಿ ಕಡೆಯವನು. ಚಿಕ್ಕವನಿದ್ದಾಗ ಹೊಳೆಬಾಗಿಲಲ್ಲಿ ಪಾತಿ ದೋಣಿಗೆ ಸಣ್ಣ ಹಾಯಿ ಕಟ್ಟಿಕೊಂಡು ಬರುತ್ತಿದ್ದವರನ್ನು ನೋಡಿದ್ದೇನೆ. ನಮ್ಮ ಮನೆ ಹತ್ತಿರದ ಮುದುಕರೊಬ್ಬರು ಹಗ್ಗವನ್ನು ದೋಣಿಯ ಅಡ್ಡಮರಕ್ಕೆ ಒಂದೇ ಸುತ್ತು ಹಾಕಿ ತುದಿಯನ್ನು ಕೈಯಲ್ಲೇ ಹಿಡಿದು ಕೂರುತ್ತಿದ್ದರು. ಬೀಡಿ ಹಚ್ಚುವಾಗಲೂ ಆ ತುದಿ ಕಾಲಿನ ಬೆರಳಿಗೆ ಹೋಗುತ್ತಿತ್ತೇ ಹೊರತು ಗಂಟಾಗುತ್ತಿರಲಿಲ್ಲ. ಒಂದು ಸುತ್ತು ಭಾರ ಹೊರುತ್ತದೆ, ಬೆರಳು ಸಡಿಲಿಸಿದರೆ ಹಗ್ಗ ಜಾರುತ್ತದೆ, ಗಾಳಿ ಹಾಯಿಯಿಂದ ಹೊರಗೆ ಹೋಗುತ್ತದೆ. ಕಣ್ಣಾರೆ ಕಂಡಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ. ಹುಟ್ಟು ಹಾಕುವುದನ್ನು ನಿಲ್ಲಿಸಿದರೆ ದೋಣಿ ನಿಲ್ಲುತ್ತದೆ. ಹಾಯಿ ಹಾಗಲ್ಲ, ನೀವು ಸುಮ್ಮನಿದ್ದರೂ ಅದು ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವ ದಾರಿ ಆ ಒಂದು ಹಗ್ಗ. ಅದು ಕೈಯಲ್ಲಿರಬೇಕು.

ಹಾಯಿ ಬಿಟ್ಟೇ ಬಿಡಿ ಅಂತ ನಾನು ಹೇಳುತ್ತಿಲ್ಲ. ನಾನೂ ಬಿಟ್ಟಿಲ್ಲ. ಜುಲೈವರೆಗೆ ಕಾದೆ, ನೀರು ಬೆಚ್ಚಗಾಗಲಿ ಅಂತ. 40 ಚದರ ಅಡಿಯ, ಮಡಚಿ ಚಿಕ್ಕದು ಮಾಡಬಹುದಾದ ಹಾಯಿ ತಂದೆ. ಕಂಬದ ಬುಡಕ್ಕೆ ಅಂಟಿನ ಭರವಸೆ ಬಿಟ್ಟು ಅಡ್ಡಪಟ್ಟಿಯಿಂದಲೇ ಕೆಳಗಿಳಿದು ಬರುವ ಮರದ ಚೌಕಟ್ಟು ಮಾಡಿ ಬೋಲ್ಟ್ ಹಾಕಿದೆ. ಮೂತಿಯಲ್ಲೂ ಹಿಂದೆಯೂ ಗಾಳಿಚೀಲ ತುಂಬಿ ಬಿಗಿದು ಕಟ್ಟಿದೆ, ಮಗುಚಿದರೂ ದೋಣಿಯೊಳಗೆ ನೂರಾರು ಲೀಟರ್ ನೀರು ತುಂಬದಿರಲು. ಕಂಬದ ತುದಿಗೆ ಒಂದು ತೇಲುವ ಉಂಡೆ, ದೋಣಿ ಪೂರ್ತಿ ಬೋರಲಾಗದಿರಲು. ಲೀಬೋರ್ಡಿನ ಜಾಗ ಹುಡುಕಲು ಎರಡು ಶನಿವಾರ ಹೋಯಿತು. ಅದು ತೀರಾ ಹಿಂದಿದ್ದರೆ ಮೂತಿ ಗಾಳಿಯಿಂದ ದೂರ ಓಡುತ್ತದೆ. ಹುಟ್ಟು ಎತ್ತಿ, ಹಗ್ಗ ಹಿಡಿದು ನೋಡಿದಾಗ ದೋಣಿ ತಾನಾಗಿ ಮೆಲ್ಲಗೆ ಗಾಳಿಯ ಕಡೆಗೆ ಮೂತಿ ತಿರುಗಿಸಬೇಕು, ಆಗ ಜಾಗ ಸರಿಯಾಗಿದೆ ಅಂತ. ದೋಣಿಯ ಪಕ್ಕಕ್ಕೆ ತೇಲುಮರ ಕಟ್ಟುವವರೂ ಇದ್ದಾರೆ, ನಮ್ಮ ಕಡೆ ಕೊಂಕಣಿ ಮೀನುಗಾರರು ಉಲಂಡಿ ಅನ್ನುತ್ತಾರಲ್ಲ, ಆ ಥರ. ಒಳ್ಳೆಯದೇ. ಆದರೆ ಅದು ಇದೆ ಅಂತ ಹಗ್ಗ ಕಟ್ಟಿಬಿಟ್ಟರೆ ಅದೇ ಕಥೆ.

ಇದೆಲ್ಲ ಆದ ಮೇಲೆ ಎದೆಮಟ್ಟದ ನೀರಿನಲ್ಲಿ, ಬೇಕಂತಲೇ, ನಾಲ್ಕು ಸಲ ಮಗುಚಿಸಿ ಎತ್ತಿ ನೋಡಿದೆ. ಮೊದಲ ಸಲ ಆಗಲೇ ಇಲ್ಲ, ಹಾಯಿಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಅದಕ್ಕೇ ಈಗ ಜಾಕೆಟ್ಟಿನ ಮೇಲೆ ಒಂದು ಚಾಕು ಇದೆ. ಹೊರಡುವಾಗ ಯಾವಾಗಲೂ ಮೊದಲು ಗಾಳಿಗೆ ಎದುರಾಗಿ ಹೋಗುತ್ತೇನೆ. ಹತ್ತು ನಿಮಿಷ ಎದುರು ಹೋಗಲು ಆಗದಿದ್ದರೆ ಆ ದಿನ ಹಾಯಿ ಇಲ್ಲ, ಹುಟ್ಟು ಮಾತ್ರ. ಬೆನ್ನ ಗಾಳಿ ವಾಪಸ್ ಬರುವುದಕ್ಕೆ ಇರಲಿ.

ಕಿಟ್ ಆಗಲೇ ತಂದು ಅಂಟಿಸಿ ಇಟ್ಟಿದ್ದೀರಾ? ಇವತ್ತೇ ಗ್ಯಾರೇಜಿಗೆ ಹೋಗಿ. ಕಂಬ ನಿಲ್ಲಿಸಿ, ತಲೆಯೆತ್ತರದಲ್ಲಿ ಹಿಡಿದು, ಇಡೀ ಮೈ ಭಾರ ಹಾಕಿ ಪಕ್ಕಕ್ಕೆ ಎಳೆಯಿರಿ. ನನ್ನ ದೋಣಿಯನ್ನು ಮಾರನೇ ದಿನ ದಡದಲ್ಲಿ ಕವುಚಿ ನೋಡಿದಾಗ ಬಟ್ಟಲು ಇದ್ದ ಜಾಗ ಹೊಸದರ ಹಾಗೆ ನುಣ್ಣಗಿತ್ತು. ಅಂಟು ಪೂರ್ತಿ, ಬಾಳೆ ಸಿಪ್ಪೆ ಸುಲಿದ ಹಾಗೆ, ಒಂದೇ ತುಂಡಾಗಿ ಬಟ್ಟಲಿನ ತಳದಲ್ಲಿ ಉಳಿದಿತ್ತು.