ಪೆಡಲ್‌ನ ಗುಂಯ್ ಸದ್ದಿಗೆ ಬ್ಯಾಟರಿ, ಫಿಲ್ಟರ್, ಐಸೊಲೇಟೆಡ್ ಸಪ್ಲೈ, ಗೇಟ್: ನಾಲ್ಕನ್ನೂ ಹಾಕಿ ನೋಡಿದೆ

ಓವರ್‌ಡ್ರೈವ್, ಅಂದರೆ ಗಿಟಾರ್ ದನಿಯನ್ನು ಒರಟಾಗಿಸುವ ಕಾಲಿನ ಪೆಡಲ್, ಒತ್ತಿದ ಕೂಡಲೇ ಗುಂಯ್ ಅಂತ ಶುರು. ಗಿಟಾರ್‌ನ ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗುವುದಿಲ್ಲ. ಇಳಿಸಿದಾಗ ಹೋಗಿದ್ದರೆ, ತಂತಿಯ ಕಂಪನ ಹಿಡಿಯುವ ಪಿಕಪ್‌ನದು ಅನ್ನಬಹುದಿತ್ತು. ಹೋಗಲಿಲ್ಲ ಅಂದರೆ ಗಿಟಾರ್ ಆಚೆ ಎಲ್ಲೋ ಇದೆ, ಪೆಡಲ್‌ನಲ್ಲೋ ವೈರ್‌ನಲ್ಲೋ ಅಡಾಪ್ಟರ್‌ನಲ್ಲೋ.

ನಾನಿರುವುದು ಕಲಬುರಗಿಯಲ್ಲಿ. ವಚನ, ತತ್ವಪದ ಹಾಡುವ ಗೆಳೆಯರ ಜೊತೆ ಗಿಟಾರ್ ನುಡಿಸುತ್ತೇನೆ. ಒಂದು ಓವರ್‌ಡ್ರೈವ್, ಎಕೋ ಕೊಡುವ ಒಂದು ಅನಲಾಗ್ ಡಿಲೇ, ಇಷ್ಟೇ ನನ್ನ ಸಾಮಾನು. ಆ ಹಾಡುಗಳಲ್ಲಿ ಸಾಲು ಮುಗಿದ ಮೇಲೆ ಒಂದು ಚೂರು ಮೌನ ಇರುತ್ತದೆ, ಆ ಮೌನದೊಳಗೆ ಈ ಸದ್ದು ಕೇಳಿದರೆ ಹಾಡುವವರ ಮುಖ ನೋಡಲು ನನಗೇ ಕಷ್ಟ. ಅದಕ್ಕೇ ಈ ಬೇಸಿಗೆಯಲ್ಲಿ ಅದೇ ಕೋಣೆ, ಅದೇ ಆಂಪ್ (ಆಂಪ್ಲಿಫೈಯರ್) ಇಟ್ಟುಕೊಂಡು ಒಂದೊಂದೇ ಮದ್ದು ಹಾಕಿ ನೋಡಿದೆ.

ಮೊದಲು ಬ್ಯಾಟರಿ. ಅಡಾಪ್ಟರ್ ಕಿತ್ತು ಓವರ್‌ಡ್ರೈವ್‌ಗೆ 9 ವೋಲ್ಟ್ ಆಲ್ಕಲೈನ್ ಬ್ಯಾಟರಿ ಹಾಕಿದೆ, ಡಿಲೇ ಬಿಚ್ಚಿಟ್ಟೆ. ಗುಂಯ್ ನಿಂತೇ ಹೋಯಿತು. ಅಂದರೆ ಪೆಡಲ್ ಒಳಗಿನ ಬೋರ್ಡ್ ಸರಿಯಾಗಿದೆ, ಕೊಳೆ ಬರುತ್ತಿರುವುದು ಕರೆಂಟ್ ಜೊತೆ. ಯಾರೇ ಕೇಳಿದರೂ ನಾನು ಮೊದಲು ಇದನ್ನೇ ಮಾಡಿ ಅನ್ನುತ್ತೇನೆ, ಸುಮ್ನೆ ಪೆಡಲ್ ಬಿಚ್ಚಿ ಕೆಪಾಸಿಟರ್ ಬದಲಿಸಲು ಹೋಗಬೇಡಿ. ಓವರ್‌ಡ್ರೈವ್ ತಿನ್ನುವುದು 10 ಮಿಲಿಆಂಪ್ ಒಳಗೆ, ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿಆಂಪ್ ಅವರ್ ಇರುತ್ತದೆ, ಹಾಗಾಗಿ 50 ಗಂಟೆ ಆರಾಮಾಗಿ ಬರಬೇಕು. ನನಗೆ ನಾಲ್ಕೇ ದಿನ ಬಂತು. ಇನ್‌ಪುಟ್ ಜ್ಯಾಕ್ ಬ್ಯಾಟರಿಯ ಸ್ವಿಚ್ ಕೂಡ ಹೌದು, ವೈರ್ ಚುಚ್ಚಿಯೇ ಇಟ್ಟರೆ ರಾತ್ರಿಯಿಡೀ ಖಾಲಿಯಾಗುತ್ತದೆ. ಡಿಲೇ ಅಂತೂ ಇದರ ಎಷ್ಟೋ ಪಟ್ಟು ತಿನ್ನುತ್ತದೆ.

ಆಮೇಲೆ ಹಳೆಯ ಅಡಾಪ್ಟರ್‌ಗೇ ವಾಪಸ್ ಬಂದು ಗಮನವಿಟ್ಟು ಕೇಳಿದೆ. ಎಲ್ಲಕ್ಕಿಂತ ದಪ್ಪ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ ನೋಡಿ. ಅದು ಜಿ ಸ್ವರ, 98 ಹರ್ಟ್ಜ್. ನಮ್ಮ ಕರೆಂಟ್ 50 ಹರ್ಟ್ಜ್, ಅಡಾಪ್ಟರ್ ಒಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿದ ಮೇಲೆ ಉಳಿಯುವ ಅಲೆ 100 ಹರ್ಟ್ಜ್. ಎರಡೂ ಒಟ್ಟಿಗೆ ಕೇಳಿದಾಗ ಸೆಕೆಂಡಿಗೆ ಎರಡು ಸಲ ವಾಂ ವಾಂ ಅಂತ ತೂಗಾಡುತ್ತದೆ. ಅದು ಕೇಳಿಸಿದರೆ ನಿಮ್ಮ ಗುಂಯ್ ಗೋಡೆಯ ಪ್ಲಗ್‌ನಿಂದಲೇ ಬಂದದ್ದು. ಒಂದೇ ಅಡಾಪ್ಟರ್‌ನಿಂದ ಕವಲು ವೈರ್ ಹಾಕಿ ಡಿಲೇಗೂ ಕೊಟ್ಟಾಗ ಗುಂಯ್ ಜಾಸ್ತಿಯಾಯಿತು, ಮೇಲೊಂದು ಕೀಂ ಕೂಡ ಸೇರಿತು. ಡಿಲೇಯ ಟೈಮ್ ಗುಬುಟು ತಿರುಗಿಸಿದಂತೆ ಆ ಕೀಂ ಕೆಳಗಿಳಿಯುತ್ತದೆ, ಯಾಕೆಂದರೆ ಅದು ಡಿಲೇ ಚಿಪ್ ನಡೆಸುವ ಮಿಡಿತ, ಅಂದರೆ ಕ್ಲಾಕ್, ಟೈಮ್ ಉದ್ದವಾದಷ್ಟೂ ನಿಧಾನವಾಗುತ್ತದೆ. ಹಂಚಿಕೊಂಡ ವೈರ್‌ನಲ್ಲಿ ಹರಿದು ಬಂದು ಓವರ್‌ಡ್ರೈವ್‌ನಲ್ಲಿ ದೊಡ್ಡದಾಗುತ್ತದೆ.

ಫಿಲ್ಟರ್ ನಾನೇ ಕಟ್ಟಿದೆ. ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ 100 ಓಮ್ ರೆಸಿಸ್ಟರ್, 100 ಮೈಕ್ರೋಫ್ಯಾರಡ್ ಕೆಪಾಸಿಟರ್ ತಂದು ಅಡಾಪ್ಟರ್ ಮತ್ತು ಪೆಡಲ್ ನಡುವೆ ಬೆಸುಗೆ ಹಾಕಿದೆ. ಇಪ್ಪತ್ತು ರೂಪಾಯಿ ಒಳಗೇ ಆಯಿತು. ಸುಮಾರು 16 ಹರ್ಟ್ಜ್‌ನಿಂದ ಮೇಲಿನದನ್ನೆಲ್ಲ ತಗ್ಗಿಸುತ್ತದೆ, 100 ಹರ್ಟ್ಜ್ ಅಲೆ ಆರನೇ ಒಂದರಷ್ಟಾಗುತ್ತದೆ. ಓವರ್‌ಡ್ರೈವ್‌ಗೆ ಭಲೇ ಕೆಲಸ ಮಾಡಿತು. ಅದನ್ನೇ ಡಿಲೇಗೆ ಹಾಕಿದರೆ ಎಕೋ ಮಂಕಾಗಿ ಹರಿದಂತೆ ಕೇಳಿತು. ಮಲ್ಟಿಮೀಟರ್ ಇಟ್ಟೆ, ಪೆಡಲ್‌ಗೆ ಸೇರುತ್ತಿದ್ದದ್ದು ಬರೀ 6 ವೋಲ್ಟ್! 30 ಮಿಲಿಆಂಪ್ ಎಳೆದರೆ 100 ಓಮ್ 3 ವೋಲ್ಟ್ ನುಂಗುತ್ತದೆ, ಲೆಕ್ಕ ಮೊದಲೇ ಹಾಕಬೇಕಿತ್ತು. 10 ಓಮ್, 470 ಮೈಕ್ರೋಫ್ಯಾರಡ್‌ಗೆ ಬದಲಿಸಿದ ಮೇಲೆ ಎಕೋ ಸರಿಯಾಯಿತು, ಕೀಂ ಬಹುತೇಕ ಹೋಯಿತು. ಆದರೆ ಸಣ್ಣ ಗುಂಯ್ ಉಳಿಯಿತು. ಕವಲು ವೈರ್‌ನ ನೆಗೆಟಿವ್ ಒಂದು ದಾರಿ, ಪೆಡಲ್‌ನಿಂದ ಪೆಡಲ್‌ಗೆ ಹೋಗುವ ಪ್ಯಾಚ್ ಕೇಬಲ್‌ನ ಹೊರ ಹೆಣಿಗೆ ಇನ್ನೊಂದು ದಾರಿ, ಎರಡೂ ಸೇರಿ ಸುತ್ತು ಆಗಿರುತ್ತದೆ. ಆ ಸುತ್ತನ್ನು ಫಿಲ್ಟರ್ ಬಿಡಿಸುವುದಿಲ್ಲ.

ಅದನ್ನು ಬಿಡಿಸುವುದು ಐಸೊಲೇಟೆಡ್ ಸಪ್ಲೈ, ಅಂದರೆ ಒಂದಕ್ಕೊಂದು ಕೂಡದ ಬೇರೆ ಬೇರೆ ಔಟ್‌ಪುಟ್ ಇರುವ ಸಪ್ಲೈ. ಕೆಲವು ಸಾವಿರ ಖರ್ಚು. ನಾನು ಮೊದಲು ತರಿಸಿದ ಡಬ್ಬಿಯ ಮೇಲೆ ಐಸೊಲೇಟೆಡ್ ಅಂತ ದೊಡ್ಡದಾಗಿ ಬರೆದಿತ್ತು, ಗುಂಯ್ ಮಾತ್ರ ಹಾಗೇ ಇತ್ತು. ಪ್ಲಗ್ ಕಿತ್ತು ಎರಡು ಔಟ್‌ಪುಟ್‌ಗಳ ನಡುವಿನ ಪಿನ್‌ಗಳಿಗೆ ಮೀಟರ್ ಹಿಡಿದೆ. ಬೀಪ್ ಅಂತು. ಪೆಡಲ್ ಸಪ್ಲೈಗಳಲ್ಲಿ ಸಾಮಾನ್ಯವಾಗಿ ನಡುವಿನ ಪಿನ್ನೇ ನೆಗೆಟಿವ್, ಅವು ಒಳಗೇ ಕೂಡಿಕೊಂಡಿದ್ದರೆ ಅದು ಕವಲು ವೈರ್‌ಗೆ ಸಮ. ವಾಪಸ್ ಕಳಿಸಿ ಬೇರೆ ತಂದೆ. ಅದನ್ನು ಹಾಕಿದ ಸಂಜೆ ಎರಡೂ ಪೆಡಲ್ ಒತ್ತಿ ಸುಮ್ಮನೆ ಕೂತೆ. ಕೂಲರ್ ಸದ್ದು ಬಿಟ್ಟರೆ ಏನೂ ಇಲ್ಲ. ಎಷ್ಟು ಖುಷಿಯಾಯಿತು ಅಂದರೆ ಗೆಳೆಯನಿಗೆ ಫೋನ್ ಹಚ್ಚಿ ಆ ಮೌನವನ್ನೇ ಕೇಳಿಸಿದೆ.

ನಾಯ್ಸ್ ಗೇಟ್, ಅಂದರೆ ಸಣ್ಣ ಸದ್ದನ್ನು ತಡೆಯುವ ಪೆಡಲ್, ನನಗೆ ಹಿಡಿಸಲಿಲ್ಲ. ನುಡಿಸದಾಗ ಬಾಗಿಲು ಹಾಕುತ್ತದೆ, ನುಡಿಸುವಾಗ ಗುಂಯ್ ಸ್ವರದ ಜೊತೆಗೇ ಬರುತ್ತದೆ. ಡಿಲೇ ನಂತರ ಇಟ್ಟರೆ ಎಕೋದ ಬಾಲ ಕತ್ತರಿಸಿ ಹೋಗುತ್ತದೆ. ಜೋರು ಡಿಸ್ಟಾರ್ಶನ್‌ನಲ್ಲಿ ತಟ್ಟನೆ ನಿಲ್ಲಿಸಿ ನುಡಿಸುವವರಿಗೆ ಇರಲಿ.

ಖರ್ಚಿಲ್ಲದ ಇನ್ನೊಂದು ಮಾತು, ಅರ್ಥಿಂಗ್. ಬೇಸಿಗೆಯಲ್ಲಿ ನಮ್ಮ ಕಪ್ಪು ಮಣ್ಣು ಬಿರಿದು ಒಣಗುತ್ತದೆ, ಅರ್ಥ್ ಗುಂಡಿಯೂ ಒಣಗುತ್ತದೆ. ಎರಡು ಕೊಡ ನೀರು ಸುರಿದ ಮೇಲೆ, ತಂತಿಯಿಂದ ಕೈ ತೆಗೆದಾಗ ಬರುತ್ತಿದ್ದ ಝರ್ ಇಳಿಯಿತು. ಸುತ್ತು ಬಿಡಿಸಲು ಆಂಪ್ ಪ್ಲಗ್‌ನ ಮೂರನೇ ಪಿನ್ ಮುರಿಯಿರಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಮುರಿಯಬೇಡಿ. ಗಿಟಾರ್ ತಂತಿಗಳು ಅರ್ಥ್ ಆಗಿರುವುದು ಆ ಪಿನ್ ಮೂಲಕ. ಆಂಪ್‌ನಲ್ಲಿ ಏನಾದರೂ ಕೆಟ್ಟರೆ 230 ವೋಲ್ಟ್ ನೇರ ಬೆರಳಿಗೆ ಬರುತ್ತದೆ, ಕೂಲರ್ ನೀರು ಚೆಲ್ಲಿದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತೇವೆ ಅಲ್ವಾ?

ಈಗ ಐಸೊಲೇಟೆಡ್ ಸಪ್ಲೈಯಲ್ಲೇ ನುಡಿಸುತ್ತಿದ್ದೇನೆ, ಒಂದೇ ಪೆಡಲ್ ಒಯ್ಯುವ ದಿನ ಅಡಾಪ್ಟರ್ ಜೊತೆ ಆ ಇಪ್ಪತ್ತು ರೂಪಾಯಿ ಫಿಲ್ಟರ್. ಓವರ್‌ಡ್ರೈವ್‌ನ ಗೇನ್ (ದನಿ ಎಷ್ಟು ಹಿಗ್ಗಬೇಕು ಅನ್ನುವ ಗುಬುಟು) ಏರಿಸಿದಾಗ ಸಣ್ಣ ಸುಯ್ ಇನ್ನೂ ಕೇಳುತ್ತದೆ, ಬ್ಯಾಟರಿಯಲ್ಲೂ ಅದು ಇತ್ತು. ಅದು ಸರ್ಕ್ಯೂಟ್‌ನದೇ. ಗೇನ್ ಅರ್ಧಕ್ಕೆ ಇಳಿಸಿ ಆಂಪ್ ವಾಲ್ಯೂಮ್ ಏರಿಸಿಕೊಂಡೆ.