ಹಳೆಯ ಬೈಕಿನ ಹಿಂಭಾಗ ತಗ್ಗಿಸುವ ದಾರಿಗಳು: ಯಾವುದರಲ್ಲಿ ಟೈರಿಗೆ ಎಷ್ಟು ಜಾಗ ಉಳಿಯುತ್ತದೆ?

ಹಿಂದೆ ಎರಡು ಶಾಕ್‌ಗಳಿರುವ ಹಳೆಯ ಬೈಕನ್ನು ತಗ್ಗಿಸಬೇಕು ಎಂದವರು ಮೊದಲು ವಿಚಾರಿಸುವುದು ಶಾಕ್‌ನ ಉದ್ದವನ್ನು. 330 ಮಿ.ಮೀ. ತೆಗೆದು 305 ಹಾಕಿದರೆ ಮುಗಿಯಿತು ಎಂಬ ಲೆಕ್ಕ. ವಿಚಾರಿಸಬೇಕಾದದ್ದು ಇನ್ನೊಂದು ಅಳತೆಯನ್ನು: ಶಾಕ್ ಪೂರ್ತಿ ಒತ್ತಿಕೊಂಡಾಗ ಕಣ್ಣಿನಿಂದ ಕಣ್ಣಿಗೆ, ಅಂದರೆ ಎರಡು ತುದಿಗಳ ಬೋಲ್ಟ್ ತೂತುಗಳ ನಡುವೆ, ಎಷ್ಟು ಉಳಿಯುತ್ತದೆ? ಟೈರು ಮಡ್‌ಗಾರ್ಡಿಗೆ ತಾಗುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಅಳತೆ. ಬೈಕು ನಿಂತಾಗ ಕಾಣುವ ಜಾಗಕ್ಕೂ ಗುಂಡಿಗೆ ಬಿದ್ದಾಗ ಉಳಿಯುವ ಜಾಗಕ್ಕೂ ಸಂಬಂಧ ಕಡಿಮೆ.

ಹೋಲಿಕೆ ನ್ಯಾಯವಾಗಿರಲು ಎಲ್ಲ ದಾರಿಗಳನ್ನೂ ಒಂದೇ ಅಳತೆಯ ಗಾಡಿಯ ಮೇಲೆ ಇಟ್ಟು ನೋಡೋಣ. ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ತೋಳು) ಫ್ರೇಮಿಗೆ ಕೂರುವ ಕೀಲಿನಿಂದ, ಅಂದರೆ ಪಿವಟ್‌ನಿಂದ, ಆಕ್ಸಲ್‌ಗೆ 450 ಮಿ.ಮೀ., ಪಿವಟ್‌ನಿಂದ ಶಾಕ್‌ನ ಕೆಳಗಣ್ಣಿಗೆ 400. ಶಾಕ್ ಬಿಚ್ಚಿಕೊಂಡಾಗ 330, ಬಂಪ್ ರಬ್ಬರ್ (ಓಟದ ಕೊನೆಯಲ್ಲಿ ಏಟು ತಡೆಯುವ ರಾಡ್ ಮೇಲಿನ ರಬ್ಬರ್) ಪೂರ್ತಿ ಹಿಚುಕಿದಾಗ 250, ಅಂದರೆ 80 ಮಿ.ಮೀ. ಓಟ. ಶಾಕ್ ಸುಮಾರು 14 ಡಿಗ್ರಿ ಮುಂದಕ್ಕೆ ವಾಲಿದೆ. ಟೈರು 110/90-18, ಅಂದರೆ ಅಗಲ 110 ಮಿ.ಮೀ., ಪಕ್ಕದ ಎತ್ತರ ಅದರ 90 ಪ್ರತಿಶತ, ರಿಮ್ 18 ಇಂಚು. ಪೂರ್ತಿ ಒತ್ತಿದಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ 20 ಮಿ.ಮೀ. ಈ ಗಾಡಿಯಲ್ಲಿ ಶಾಕ್ 25 ಮಿ.ಮೀ. ಚಲಿಸಿದರೆ ಚಕ್ರ 29 ಚಲಿಸುತ್ತದೆ. ನಿಮ್ಮ ಗಾಡಿಯ ಅಂಕಿಗಳು ಬೇರೆ ಇರುತ್ತವೆ, ಆದರೆ ದಾರಿಗಳ ನಡುವಿನ ತಾರತಮ್ಯ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಮೊದಲು ಜಾಗ ಅಳೆಯುವುದು

ಎರಡೂ ಶಾಕ್ ಬಿಚ್ಚಿ, ಅವುಗಳ ಜಾಗಕ್ಕೆ ಕಬ್ಬಿಣದ ಪಟ್ಟಿ ಕೂರಿಸಿ. ಪಟ್ಟಿಯ ಎರಡು ತೂತುಗಳ ನಡುವಿನ ದೂರ ಶಾಕ್‌ನ ಒತ್ತಿದ ಉದ್ದದಷ್ಟೇ ಇರಬೇಕು. ಇಲ್ಲಿ ಅದು 250. ಚಕ್ರ ಗುಂಡಿಗೆ ಬಿದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ. ಟೈರಿಗೆ ಗಾಳಿ ಸರಿಯಾಗಿ ತುಂಬಿ, ಮಡ್‌ಗಾರ್ಡಿನ ಒಳಗೆ ಮೂರ್ನಾಲ್ಕು ಕಡೆ ಮೆತ್ತನೆಯ ಜೇಡಿಮಣ್ಣಿನ ಉಂಡೆ ಅಂಟಿಸಿ ಚಕ್ರ ತಿರುಗಿಸಿ, ಉಳಿದ ಮಣ್ಣಿನ ದಪ್ಪ ನೋಡಿ. ಚೈನ್ ಅಡ್ಜಸ್ಟರ್ ಪೂರ್ತಿ ಮುಂದಿದ್ದಾಗ ಒಮ್ಮೆ, ಪೂರ್ತಿ ಹಿಂದಿದ್ದಾಗ ಒಮ್ಮೆ ಅಳೆಯಬೇಕು. ಮುಂದಿದ್ದಾಗ ಟೈರು ಮಡ್‌ಗಾರ್ಡಿನ ಮುಂತುದಿಗೆ ಹತ್ತಿರ ಬರುತ್ತದೆ.

10 ಮಿ.ಮೀ.ಗಿಂತ ಕಡಿಮೆ ಜಾಗವನ್ನು ಒಪ್ಪಿಕೊಳ್ಳಬೇಡಿ. ಹಳೆಯ ಮಾದರಿಯ ಬಯಾಸ್ ಪ್ಲೈ ಟೈರು ವೇಗದಲ್ಲಿ ಸ್ವಲ್ಪ ಉಬ್ಬುತ್ತದೆ, ಸ್ವಿಂಗ್ ಆರ್ಮ್ ಬುಷ್ ಸವೆದಿದ್ದರೆ ಚಕ್ರ ಪಕ್ಕಕ್ಕೂ ವಾಲುತ್ತದೆ. ಮೊದಲು ತಾಗುವುದು ಹೆಚ್ಚಾಗಿ ಮಡ್‌ಗಾರ್ಡಿನ ತಗಡಲ್ಲ, ಅದರೊಳಗೆ ಚಾಚಿಕೊಂಡ ಬೋಲ್ಟಿನ ತುದಿ ಅಥವಾ ಹಿಂದಿನ ದೀಪಕ್ಕೆ ಹೋಗುವ ವೈರು. ಬೋಲ್ಟ್‌ಗಳನ್ನು ತಿರುಗುಮುರುಗು ಮಾಡಿ, ಗುಮ್ಮಟದ ತಲೆ ಒಳಗೆ, ನಟ್ ಹೊರಗೆ ಬರುವಂತೆ ಹಾಕಿದರೆ ಕಾಸು ಖರ್ಚಿಲ್ಲದೆ 6–8 ಮಿ.ಮೀ. ಸಿಗುತ್ತದೆ.

ಗಿಡ್ಡ ಶಾಕ್

ಬಿಚ್ಚಿದ ಉದ್ದ 305, ಓಟ ಅದೇ 80 ಇರುವ ಶಾಕ್ ಹಾಕಿದರೆ ಚಕ್ರದ ಬಳಿ 29 ಮಿ.ಮೀ. ತಗ್ಗುತ್ತದೆ. ಸವಾರಿ ಮೊದಲಿನಷ್ಟೇ ಮೃದು. ಆದರೆ ಒತ್ತಿದ ಉದ್ದ 225ಕ್ಕೆ ಇಳಿಯುತ್ತದೆ, ಟೈರು ಮೊದಲಿಗಿಂತ 27 ಮಿ.ಮೀ. ಮೇಲೇರುತ್ತದೆ. ಇದ್ದದ್ದು 20. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹಂಪ್ ಹಾರಿಸಿದಾಗ ಟೈರು ಮಡ್‌ಗಾರ್ಡನ್ನು ಕಚ್ಚುತ್ತದೆ. ತಗಡು ಹರಿದು ಒಳಕ್ಕೆ ಮಡಚಿಕೊಂಡರೆ ಚಕ್ರವೇ ಲಾಕ್ ಆಗಬಹುದು. ಒಬ್ಬರೇ ಓಡಿಸಿದಾಗ ಏನೂ ಆಗದೆ ಇರುವುದರಿಂದಲೇ ಈ ದಾರಿ ಮೋಸ ಮಾಡುತ್ತದೆ.

ಅದೇ 305ರ ಶಾಕ್, ಓಟ ಮಾತ್ರ 55 ಆಗಿದ್ದರೆ ಒತ್ತಿದ ಉದ್ದ 250ರಲ್ಲೇ ನಿಲ್ಲುತ್ತದೆ, ಟೈರಿನ ಜಾಗ ಕದಲುವುದಿಲ್ಲ. ಹೇಗನ್, ಐಕಾನ್‌ನಂಥ ತಯಾರಕರ ಶಾಕ್‌ಗಳು ಹಲವು ಉದ್ದಗಳಲ್ಲಿ ಸಿಗುತ್ತವೆ. ಕೊಳ್ಳುವಾಗ ಒತ್ತಿದ ಉದ್ದವನ್ನೂ ಕೇಳಿ ಬರೆದುಕೊಳ್ಳಿ. ಉದ್ದ ಓಟದ ಗಿಡ್ಡ ಶಾಕ್ ಈಗಾಗಲೇ ಕೈಯಲ್ಲಿದ್ದರೆ, ರಾಡ್‌ಗೆ ಪಕ್ಕದಿಂದ ಸಿಕ್ಕಿಸುವ ನೈಲಾನ್ ಪ್ಯಾಕರ್‌ಗಳನ್ನು, ಬಂಪ್ ರಬ್ಬರ್ ಲೆಕ್ಕಕ್ಕೆ ಸೇರಿಸದೆ, 25 ಮಿ.ಮೀ. ಆಗುವಷ್ಟು ಹಾಕಿ ಓಟ ಕಡಿತಗೊಳಿಸಬಹುದು. ಜಾಗ ಉಳಿಯುತ್ತದೆ, ಆದರೆ ಸ್ಪ್ರಿಂಗ್ ಹಳೆಯದೇ ಇದ್ದರೆ ಸವಾರ ಕೂತೊಡನೆ 55ರಲ್ಲಿ 25 ಹೋಗಿರುತ್ತದೆ. ಮಿಕ್ಕ 30ರಲ್ಲಿ ರಸ್ತೆಯ ಪ್ರತಿ ಏಟನ್ನೂ ತಡೆಯಬೇಕು. ಸೊಂಟಕ್ಕೆ ಬಡಿಯುತ್ತದೆ. ಕೂತಾಗಿನ ಕುಸಿತ ಓಟದ ಮೂರನೇ ಒಂದು ಭಾಗ ಮೀರದಂತೆ ಸ್ಪ್ರಿಂಗ್ ಬಿಗಿಗೊಳಿಸದೆ ಗತಿಯಿಲ್ಲ.

ಶಾಕ್ ಒಳಗೆ ಸ್ಪೇಸರ್

ಬಿಚ್ಚಲು ಬರುವ ಶಾಕ್‌ಗಳಿಗೆ ಮಾತ್ರ ಇದು. ಬಾಯಿ ಮಡಚಿ ಮುಚ್ಚಿದ ಹಳೆಯ ಶಾಕ್‌ಗಳನ್ನು ತೆರೆದರೆ ಮತ್ತೆ ಮುಚ್ಚಲಾಗದು. ಒತ್ತಡದ ನೈಟ್ರೋಜನ್ ತುಂಬಿದವನ್ನು ಮನೆಯಲ್ಲಿ ಮುಟ್ಟಲೇಬಾರದು.

ಸ್ಪ್ರಿಂಗ್ ತೆಗೆದು, ಸೀಲ್ ಹೆಡ್ (ರಾಡ್ ಹೊರಬರುವ ಬಾಯಿಯ ಮುಚ್ಚಳ) ಬಿಚ್ಚಿ, ಎಣ್ಣೆ ಹೊರಗೆ ಬಸಿದು, ಪಿಸ್ಟನ್ ನಟ್ ಕಳಚಿ, ಪಿಸ್ಟನ್‌ಗೂ ಸೀಲ್ ಹೆಡ್‌ಗೂ ನಡುವೆ ರಾಡ್ ಮೇಲೆ ಕೊಳವೆಯಂಥ ಸ್ಪೇಸರ್ ತೂರಿಸುವುದು ಕೆಲಸ. ಇದರಿಂದ ರಾಡ್ ಹೊರಬರುವ ದೂರ ಮಾತ್ರ ಕಡಿಮೆಯಾಗುತ್ತದೆ, ಒಳಹೋಗುವ ದೂರ ಹಾಗೇ ಇರುತ್ತದೆ. ಅಲ್ಯೂಮಿನಿಯಂ ಸರಳನ್ನು ಲೇತಿನಲ್ಲಿ ಕಡೆದು ಮಾಡಿಸಿ. ಒಳವ್ಯಾಸ ರಾಡ್‌ಗಿಂತ 0.3 ಮಿ.ಮೀ. ಹೆಚ್ಚು, ಅಂಚುಗಳು ಮೊಂಡು. ಹೊರವ್ಯಾಸ ಪಿಸ್ಟನ್‌ನ ಎಣ್ಣೆ ತೂತುಗಳನ್ನು ಮುಚ್ಚದಷ್ಟು ಸಣ್ಣದಿರಬೇಕು, ಮುಚ್ಚಿದರೆ ಮೇಲಕ್ಕೆ ಬರುವಾಗಿನ ಡ್ಯಾಂಪಿಂಗ್ (ಕುಣಿತ ತಡೆಯುವ ಗುಣ) ಕೆಡುತ್ತದೆ. ರಾಡ್ ಮೇಲೆ ಮೊದಲೇ ಇದ್ದ ಸಣ್ಣ ರಬ್ಬರನ್ನು ಎಸೆಯಬೇಡಿ, ಅದು ಸೀಲ್ ಹೆಡ್ ಕಡೆಗೇ ಇರಲಿ. 12 ಮಿ.ಮೀ. ರಾಡ್ ಮೇಲೆ 20 ಹೊರವ್ಯಾಸದ, 20 ಉದ್ದದ ಸ್ಪೇಸರ್ ಸುಮಾರು 4 ಮಿ.ಲೀ. ಜಾಗ ತಿನ್ನುತ್ತದೆ. ಎಣ್ಣೆಯನ್ನೂ ಅಷ್ಟು ಕಡಿಮೆ ಹಾಕಬೇಕು. ಮರೆತರೆ ಸೀಲ್ ಸೋರುತ್ತದೆ. ಪಿಸ್ಟನ್ ನಟ್‌ಗೆ ಥ್ರೆಡ್ ಲಾಕ್ ಕಡ್ಡಾಯ.

ಇಷ್ಟು ಮಾಡಿ ಹಳೆಯ ಸ್ಪ್ರಿಂಗನ್ನೇ ವಾಪಸ್ ಹಾಕಿದವರು ಸಾಮಾನ್ಯವಾಗಿ ಹೇಳುವ ಮಾತು: ಗಾಡಿ ತಗ್ಗಲೇ ಇಲ್ಲ. ತಗ್ಗುವುದೂ ಇಲ್ಲ. ಸ್ಪ್ರಿಂಗ್ ಪ್ರತಿ ಮಿ.ಮೀ.ಗೆ 16 ನ್ಯೂಟನ್ ಬಿಗಿ, ಮೊದಲಿನ ಪ್ರಿಲೋಡ್ (ಭಾರ ಬೀಳುವ ಮೊದಲೇ ಸ್ಪ್ರಿಂಗ್ ಒತ್ತಿಕೊಂಡಿರುವ ಅಳತೆ) 20 ಮಿ.ಮೀ., ಅಂದರೆ 320 ನ್ಯೂಟನ್ ಎಂದುಕೊಳ್ಳಿ. ಸವಾರನ ಸಮೇತ ಒಂದು ಶಾಕ್ ಮೇಲಿನ ಭಾರ 720 ಇದ್ದರೆ ಕುಸಿತ 25 ಮಿ.ಮೀ. ಈಗ 20ರ ಸ್ಪೇಸರ್ ಹಾಕಿದಿರಿ, ಅದೇ ಸ್ಪ್ರಿಂಗ್ 20 ಮಿ.ಮೀ. ಹೆಚ್ಚು ಒತ್ತಿಕೊಂಡು ಕೂತಿದೆ. ಪ್ರಿಲೋಡ್ 640 ನ್ಯೂಟನ್‌ಗೆ ಏರಿತು, ಕುಸಿತ 5ಕ್ಕೆ ಇಳಿಯಿತು. 20 ಮತ್ತು 5 ಸೇರಿ ಮತ್ತೆ ಅದೇ 25. ಸೀಟಿನ ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಮೇಲಾಗಿ ಪ್ರತಿ ಉಬ್ಬು ದಾಟಿದ ಮೇಲೆ ಶಾಕ್ ಪೂರ್ತಿ ಬಿಚ್ಚಿಕೊಂಡು ಟಕ್ ಎನ್ನುತ್ತದೆ.

ಆದ್ದರಿಂದ ಸ್ಪೇಸರ್ ಜೊತೆಗೆ ಗಿಡ್ಡವಾದ, ಬಿಗಿಯಾದ ಸ್ಪ್ರಿಂಗ್ ಬೇಕು. 20 ನ್ಯೂಟನ್ ಬಿಗಿಯದು, ಪ್ರಿಲೋಡ್ 18 ಆಗುವ ಉದ್ದದ್ದು ಹಾಕಿದರೆ ಕುಸಿತವೂ 18, ಉಳಿದ 60 ಮಿ.ಮೀ. ಓಟಕ್ಕೆ ಸರಿಯಾಗಿ 30 ಪ್ರತಿಶತ. ಹೊಸ ಲೆಕ್ಕ 20 ಮತ್ತು 18, ಒಟ್ಟು 38. ಶಾಕ್ ಬಳಿ 13, ಚಕ್ರದ ಬಳಿ 15 ಮಿ.ಮೀ. ನಿಜವಾಗಿ ತಗ್ಗಿತು. ಒತ್ತಿದ ಉದ್ದ 250ರಲ್ಲೇ ಇದೆ, ಟೈರಿನ 20 ಮಿ.ಮೀ. ಜಾಗಕ್ಕೆ ಕೂದಲೂ ಕೊಂಕಿಲ್ಲ. 20ರ ಸ್ಪೇಸರಿಗೆ 15ರ ಫಲ ಎಂದರೆ ಕಡಿಮೆ ಎನಿಸಬಹುದು. ಓಟ ಕಡಿಮೆ ಮಾಡುವ ಯಾವ ದಾರಿಯಾದರೂ ಇದೇ ತೆರಿಗೆ ಕಟ್ಟಿಸಿಕೊಳ್ಳುತ್ತದೆ, ಮೇಲೆ ಹೇಳಿದ 55 ಓಟದ ಶಾಕ್ ಕೂಡ.

ಶಾಕ್ ವಾಲಿಸುವುದು: ಕೆಳಗಿನಿಂದಲೋ ಮೇಲಿನಿಂದಲೋ

ಶಾಕ್ ಬದಲಿಸದೆ ಅದರ ಒಂದು ತುದಿ ಸರಿಸುವ ಎರಡು ದಾರಿಗಳಿವೆ. ಹೊರನೋಟಕ್ಕೆ ಎರಡೂ ಒಂದೇ, ಶಾಕ್ ಹೆಚ್ಚು ವಾಲಿಕೊಂಡಿರುತ್ತದೆ. ಫಲ ಮಾತ್ರ ತದ್ವಿರುದ್ಧ.

ಕೆಳಗಣ್ಣನ್ನು ಬ್ಲಾಕ್ (ಸ್ವಿಂಗ್ ಆರ್ಮಿಗೆ ಬಿಗಿಯುವ, ಶಾಕ್‌ಗೆ ಹೊಸ ತೂತಿರುವ ಲೋಹದ ಫಲಕ) ಹಾಕಿ 50 ಮಿ.ಮೀ. ಹಿಂದಕ್ಕೆ ಸರಿಸಿದರೆ ಆಕ್ಸಲ್ ಬಳಿ 17 ಮಿ.ಮೀ. ತಗ್ಗುತ್ತದೆ. ಪೂರ್ತಿ ಒತ್ತಿದಾಗ ಟೈರು ಮೇಲೇರುವುದು ಮೊದಲಿಗಿಂತ 9 ಮಿ.ಮೀ. ಮಾತ್ರ. ಸನ್ನೆಯ ತೋಳು ಉದ್ದವಾಗಿದ್ದರಿಂದ ಚಕ್ರದ ಬಳಿ ಸ್ಪ್ರಿಂಗ್ ಸುಮಾರು 17 ಪ್ರತಿಶತ ಬಿಗಿಯಾಗುತ್ತದೆ, ತಳ ಬಡಿಯುವುದೂ ಕಡಿಮೆ. ಈ ಬಿಗಿಯಿಂದಲೇ ಸವಾರ ಕೂತಾಗ ನಿಜವಾಗಿ ಸಿಗುವ ಇಳಿತ 11ರ ಆಸುಪಾಸು. ಪ್ರಿಲೋಡ್ 5 ಮಿ.ಮೀ. ಸಡಿಲಿಸಿದರೆ ಮತ್ತೆ 17 ಸಿಗುತ್ತದೆ.

ಮೇಲ್ಗಣ್ಣನ್ನು ಫ್ರೇಮಿನಲ್ಲಿ 50 ಮಿ.ಮೀ. ಮುಂದಕ್ಕೆ ಸರಿಸಿದರೆ ಇಳಿತ 19. ಆದರೆ ಪೂರ್ತಿ ಒತ್ತಿದಾಗ ಟೈರು 21 ಮಿ.ಮೀ. ಹೆಚ್ಚು ಮೇಲೇರುತ್ತದೆ, ಚಕ್ರದ ಬಳಿ ಸ್ಪ್ರಿಂಗ್ 7 ಪ್ರತಿಶತ ಮೆತ್ತಗಾಗುತ್ತದೆ. ಇಳಿದದ್ದಕ್ಕಿಂತ ಕಳೆದುಕೊಂಡದ್ದು ಹೆಚ್ಚು. ಜೊತೆಗೆ ಹಳೆಯ ಫ್ರೇಮಿಗೆ ವೆಲ್ಡಿಂಗ್ ಕಿಡಿ ತಾಗಿಸಬೇಕು. ಟೈರಿನ ಜಾಗವೇ ಗುರಿಯಾದವರಿಗೆ ಇದು ದಾರಿಯೇ ಅಲ್ಲ.

ಬ್ಲಾಕಿನಲ್ಲಿ ಕೆಡುವುದು ಲೋಹ. ತೆಳು ತಗಡಿನದು ಬಾಗುತ್ತದೆ. 8–10 ಮಿ.ಮೀ. ಉಕ್ಕಿನ ಫಲಕ ಬೇಕು, ಒಂದೇ ಬೋಲ್ಟಿಗೆ ಬಿಟ್ಟರೆ ಅದು ತಿರುಗುತ್ತದೆ, ಎರಡು ಕಡೆ ಹಿಡಿತ ಬೇಕು. ಶಾಕ್‌ನ ಕಣ್ಣು ಫಲಕದಿಂದ ಹೊರಕ್ಕೆ ಜರುಗಿದಷ್ಟೂ ಬೋಲ್ಟ್ ಬಾಗುವ ಬಲ ಹೆಚ್ಚು, ಹಾಗಾಗಿ ಸಾಧ್ಯವಾದಷ್ಟು ಒಳಗೇ ಇರಲಿ. ಆಕ್ಸಲ್ ನಟ್, ಚೈನ್ ಅಡ್ಜಸ್ಟರ್, ಚೈನ್ ಗಾರ್ಡ್, ಸೈಲೆನ್ಸರ್ ಯಾವುದಕ್ಕೂ ಸ್ಪ್ರಿಂಗ್ ತಾಗದೆಂದು ಪೂರ್ತಿ ಬಿಚ್ಚಿದಾಗಲೂ ಪೂರ್ತಿ ಒತ್ತಿದಾಗಲೂ ನೋಡಿ. ಕೆಲವು ಗಾಡಿಗಳಲ್ಲಿ ಆಕ್ಸಲ್ ನಟ್‌ಗೆ ಸ್ಪ್ಯಾನರ್ ಹಾಕಲು ಜಾಗವಿರುವುದಿಲ್ಲ. ಅಂಥಲ್ಲಿ 50 ಬೇಡ, 35ರ ಬ್ಲಾಕಿಗೆ ತೃಪ್ತಿಪಡಬೇಕು.

ಟೈರು

ಸಸ್ಪೆನ್ಷನ್ ಕೆಲಸ ಎಂದು ಯಾರೂ ಎಣಿಸದ ದಾರಿ ಇದು, ಆದರೆ ತಗ್ಗಿಸುತ್ತಲೇ ಮಡ್‌ಗಾರ್ಡಿನ ಬಳಿ ಜಾಗ ಕೂಡಿಸುವುದು ಇದೊಂದೇ. 110/90-18ರ ವ್ಯಾಸ ಲೆಕ್ಕದಲ್ಲಿ 655, 110/80-18ರದು 633. ಆಕ್ಸಲ್ 11 ಮಿ.ಮೀ. ಕೆಳಗಿಳಿಯಿತು, ಟೈರಿನ ಮೇಲೆ 11 ಹೆಚ್ಚಾಯಿತು. ಗೇರಿಂಗ್ 3.4 ಪ್ರತಿಶತ ಗಿಡ್ಡವಾಗುತ್ತದೆ. ಸ್ಪೀಡೋಮೀಟರ್ ಹಿಂದಿನ ಚಕ್ರದಿಂದ ಅಥವಾ ಗೇರ್‌ಬಾಕ್ಸಿನಿಂದ ಓಡುವಂಥದ್ದಾದರೆ ಅಷ್ಟು ಹೆಚ್ಚು ತೋರಿಸುತ್ತದೆ. ಹೊಸ ಟೈರಿನ ಭಾರದ ಸೂಚ್ಯಂಕ ಹಳೆಯದಕ್ಕಿಂತ ಕಡಿಮೆಯಿರಬಾರದು, ರಿಮ್ ಅಗಲ ಅದಕ್ಕೆ ಒಪ್ಪಬೇಕು. ಗಿಡ್ಡ ಹಾಕುವ ಹುಮ್ಮಸ್ಸಿನಲ್ಲಿ ಅಗಲ ಹೆಚ್ಚಿಸಿದರೆ ಸ್ವಿಂಗ್ ಆರ್ಮ್ ಮತ್ತು ಚೈನ್ ಕಡೆ ಜಾಗ ಹೋಗುತ್ತದೆ. ಪಕ್ಕಗಳಲ್ಲಿ 6 ಮಿ.ಮೀ. ಆದರೂ ಉಳಿಯಲಿ.

ಬ್ಲಾಕ್ ಮತ್ತು ಟೈರು ಸೇರಿಸಿದರೆ 28 ಮಿ.ಮೀ. ಇಳಿತ, ಟೈರಿನ ಜಾಗ 20 ಇದ್ದದ್ದು 22. ಗಿಡ್ಡ ಶಾಕ್ ಕೊಟ್ಟಷ್ಟೇ ಇಳಿತ, ಓಟವೂ ಕಡಿಮೆಯಾಗಿಲ್ಲ. ರೂಪ ಕೆಡಿಸದೆ ಮೂಲದಂತೆಯೇ ಕಾಣಬೇಕೆಂದರೆ ಸ್ಪೇಸರ್, ಹೊಸ ಸ್ಪ್ರಿಂಗ್, ಟೈರು: ಇಳಿತ 26, ಜಾಗ 31. ನಮ್ಮ ಓಟು ಮೊದಲನೆಯದಕ್ಕೆ, ಬ್ಲಾಕ್ ಕೂರಿಸಲು ಜಾಗವಿದ್ದರೆ.

ಮಾಡಬಾರದ್ದು

ಸ್ಪ್ರಿಂಗ್ ಕತ್ತರಿಸುವುದು. ಹತ್ತು ಸುತ್ತಿನದರಲ್ಲಿ ಒಂದೂವರೆ ಕತ್ತರಿಸಿದರೆ ಬಿಗಿ 17–18 ಪ್ರತಿಶತ ಏರುತ್ತದೆ, ಅದೇನೋ ಸರಿ. ಆದರೆ ತುದಿ ಸಮತಟ್ಟಾಗಿ ಕೂರುವುದಿಲ್ಲ, ಶಾಕ್ ಬಿಚ್ಚಿಕೊಂಡಾಗ ಸಡಿಲಾಗಿ ಗಡಗಡ ಎನ್ನುತ್ತದೆ. ಗ್ಯಾಸ್ ಜ್ವಾಲೆಯಲ್ಲಿ ಕಾಯಿಸಿ ಕುಗ್ಗಿಸಿದ್ದು ಇನ್ನೂ ಕೆಟ್ಟದ್ದು, ಹದ ಹೋಗಿ ದಿನೇದಿನೇ ಕುಸಿಯುತ್ತದೆ. ಪ್ರಿಲೋಡ್ ಕಾಲರನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ ಅದನ್ನೇ ತಗ್ಗಿಸುವುದು ಎನ್ನುವುದೂ ಬೇಡ.

ತಗ್ಗಿಸಿದ ಮೇಲೆ

1400 ಮಿ.ಮೀ. ವೀಲ್‌ಬೇಸಿನ ಗಾಡಿಯಲ್ಲಿ ಹಿಂದೆ 28–30 ಇಳಿದರೆ ಮುಂದಿನ ಫೋರ್ಕ್ 1.2 ಡಿಗ್ರಿ ಹೆಚ್ಚು ಮಲಗುತ್ತದೆ, ಟ್ರೇಲ್ (ಹ್ಯಾಂಡಲ್ ತಿರುಗುವ ಅಕ್ಷ ನೆಲ ಮುಟ್ಟುವಲ್ಲಿಂದ ಟೈರು ನೆಲ ಮುಟ್ಟುವಲ್ಲಿಗಿರುವ ದೂರ) ಸುಮಾರು 8 ಮಿ.ಮೀ. ಬೆಳೆಯುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಭಾರವೆನಿಸುತ್ತದೆ. ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪಿನಲ್ಲಿ 15–20 ಮಿ.ಮೀ. ಮೇಲಕ್ಕೆ ಸರಿಸಿದರೆ ಬಹುಪಾಲು ಸರಿಹೋಗುತ್ತದೆ. ಮುಂದಿನ ಮಡ್‌ಗಾರ್ಡ್ ಕೆಳಗಿನ ಕ್ಲ್ಯಾಂಪಿಗೆ ತಾಗುವುದೇ ಎಂದು ಅಲ್ಲೂ ಪೂರ್ತಿ ಒತ್ತಿ ನೋಡಬೇಕು. ಸೈಡ್ ಸ್ಟ್ಯಾಂಡ್ ಈಗ ಉದ್ದವಾಯಿತು, ಗಾಡಿ ನೆಟ್ಟಗೆ ನಿಂತು ಆಚೆ ಕಡೆ ಬೀಳುವ ಅಪಾಯವಿದೆ. ಸ್ಪೇಸರ್ ಅಥವಾ ಗಿಡ್ಡ ಶಾಕ್ ಹಾಕಿದ್ದರೆ ಸೆಂಟರ್ ಸ್ಟ್ಯಾಂಡ್ ಏರಿಸಲು ಮೊದಲಿಗಿಂತ ಹೆಚ್ಚು ಬಲ ಬೇಕು. ತಿರುವಿನಲ್ಲಿ ಫುಟ್‌ರೆಸ್ಟ್, ಸೈಲೆನ್ಸರ್ ಬೇಗ ನೆಲ ಕೆರೆಯುತ್ತವೆ.

ಚೈನನ್ನು ಹಳೆಯ ಲೆಕ್ಕದಲ್ಲಿ ಬಿಗಿಮಾಡಬೇಡಿ. ಗೇರ್‌ಬಾಕ್ಸ್ ಸ್ಪ್ರಾಕೆಟ್, ಪಿವಟ್, ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ತಗ್ಗಿದ ಗಾಡಿ ನಿಂತಲ್ಲೇ ಆ ಗೆರೆಗೆ ಹತ್ತಿರ ಬಂದಿರುತ್ತದೆ, ಹಾಗಾಗಿ ನಿಂತಾಗಿನ ಹಳೆಯ ಸಡಿಲಿನ ಅಂಕಿ ಈಗ ಉಪಯೋಗಕ್ಕಿಲ್ಲ. ಶಾಕ್‌ಗಳ ಕೆಳಬೋಲ್ಟ್ ಬಿಚ್ಚಿ, ಚಕ್ರದಡಿ ಮರದ ತುಂಡು ಇಟ್ಟು ಮೂರನ್ನೂ ಗೆರೆಗೆ ತಂದು, ಅಲ್ಲಿ 10–15 ಮಿ.ಮೀ. ಸಡಿಲು ಇರುವಂತೆ ಹೊಂದಿಸಿ. ಆಮೇಲೆ ಶಾಕ್ ಹಾಕಿ ಗಾಡಿ ಸ್ಟ್ಯಾಂಡ್ ಮೇಲಿದ್ದಾಗ ಎಷ್ಟು ಸಡಿಲಿದೆ ಎಂದು ಅಳೆದು, ಆ ಅಂಕಿಯನ್ನು ಚೈನ್ ಗಾರ್ಡಿನ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ.