ಬಾತ ಕೈಯನ್ನು ತಿಕ್ಕಿಸಲು ಹೋಗಬೇಡಿ

ಮೊದಲು ಬಿಗಿಯಾದದ್ದು ಎಡಗೈಯ ಬಳೆ. ಉಡುಪಿ ಬಳಿಯ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ನನ್ನ ಅಮ್ಮನಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಆಗಲೇ ನಾಲ್ಕು ವರ್ಷ ಕಳೆದಿತ್ತು. ಸೋಪು ಹಚ್ಚಿ ಬಳೆ ತೆಗೆದೆವು, ಮರೆತೆವು. ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಷ್ಟು ಕಟ್ಟಿದರೆ ಕೈ ಭಾರವಾಗದೆ ಇರುತ್ತದೆಯೇ ಎಂದು ಅಮ್ಮನೇ ನಮಗೆ ಸಮಾಧಾನ ಹೇಳಿದಳು.

ಎರಡು ತಿಂಗಳಲ್ಲಿ ರವಿಕೆಯ ತೋಳು ಏರದಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರು. ಅಮ್ಮ ಸುಸ್ತಾದಳು, ಕೈ ಮಾತ್ರ ಇಳಿಯಲಿಲ್ಲ. ಆಗ ಯಾರದೋ ಮಾತು ನಂಬಿ, ಎಣ್ಣೆ ತಿಕ್ಕುವ ಒಬ್ಬರ ಬಳಿಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಬಿಸಿ ಎಣ್ಣೆ ಸುರಿದು ಬಲವಾಗಿ ಹಿಸುಕಿ ತಿಕ್ಕುವುದು, ಆಮೇಲೆ ಸೊಪ್ಪು ಕುದಿಸಿದ ನೀರಿನ ಶಾಖ. ಏಳು ದಿನದ ಲೆಕ್ಕ. ಮೂರನೆಯ ದಿನ ಚರ್ಮ ಕೆಂಪಾದಾಗ ‘ವಿಷ ಹೊರಗೆ ಬರುತ್ತಿದೆ’ ಎಂದರು. ಐದನೆಯ ರಾತ್ರಿ ಅಮ್ಮ ಮೂರು ಕಂಬಳಿ ಹೊದ್ದರೂ ನಡುಗುತ್ತಿದ್ದಳು. ಮುಂಗೈಯಿಂದ ಕಂಕುಳಿನವರೆಗೆ ಕೆಂಪು ಹಬ್ಬಿತ್ತು. ಬೆಳಗಾಗುವ ಮೊದಲೇ ಆಸ್ಪತ್ರೆಗೆ ಸೇರಿಸಿದೆವು. ಚರ್ಮದಡಿಯ ಸೋಂಕು, ಸೆಲ್ಯುಲೈಟಿಸ್. ಎಂಟು ದಿನ ನರಕ್ಕೆ ಆಂಟಿಬಯೋಟಿಕ್ ಕೊಟ್ಟರು. ತಡ ಮಾಡಿದ್ದರೆ ಸೋಂಕು ರಕ್ತಕ್ಕೆ ಇಳಿಯುತ್ತಿತ್ತು ಎಂದು ವೈದ್ಯರು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

ಕಾಯಿಲೆಯ ಹೆಸರು ಲಿಂಫೆಡಿಮಾ ಎಂದು ನಮಗೆ ತಿಳಿದದ್ದೇ ಅಲ್ಲಿ. ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು, ಅಂದರೆ ಲಿಂಫ್ ನೋಡ್‌ಗಳನ್ನು, ತೆಗೆದಿದ್ದರು. ಕೈಯ ದುಗ್ಧರಸ, ಅಂದರೆ ರಕ್ತನಾಳಗಳಿಂದ ಸೋರಿ ಮತ್ತೆ ರಕ್ತಕ್ಕೆ ಸೇರಬೇಕಾದ ದ್ರವ, ಮರಳಿ ಹೋಗುವ ದಾರಿ ಅಲ್ಲಿ ಕಿರಿದಾಗುತ್ತದೆ. ಬಾವು ವರ್ಷಗಳ ನಂತರವೂ ಬರಬಹುದು. ನಿಲ್ಲುವ ಆ ರಸದಲ್ಲಿ ಪ್ರೋಟೀನ್ ಇರುತ್ತದೆ. ಮಾತ್ರೆ ನೀರನ್ನಷ್ಟೇ ಹೊರಹಾಕುತ್ತದೆ, ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರನ್ನು ಎಳೆದುಕೊಳ್ಳುತ್ತದೆ. ಶಾಖ ಕೊಟ್ಟರೆ ರಕ್ತದ ಹರಿವು ಹೆಚ್ಚಿ ಇನ್ನಷ್ಟು ರಸ ಬಂದು ತುಂಬುತ್ತದೆ. ಇಂಥ ಕೈಗೆ ಸೋಂಕನ್ನು ತಡೆಯುವ ಶಕ್ತಿಯೂ ಕಡಿಮೆ. ತಿಕ್ಕಿದ ಚರ್ಮದ ಸಣ್ಣ ತರಚೂ ಸಾಕು.

ನೆರೆಯವರು ಇದನ್ನು ಆನೆಕಾಲು ರೋಗವೆಂದು ತಿಳಿದು ದೂರ ಸರಿದಿದ್ದರು. ಅಮ್ಮ ತುಂಬ ನೊಂದದ್ದು ಅದಕ್ಕೇ. ಆನೆಕಾಲಿನಲ್ಲಿ ಸೊಳ್ಳೆ ಹರಡುವ ಹುಳುಗಳು ಇದೇ ದುಗ್ಧನಾಳಗಳನ್ನು ಕೆಡಿಸುತ್ತವೆ; ಹುಳುವಿನ ಮರಿಗಳು ರಾತ್ರಿ ರಕ್ತದಲ್ಲಿ ಓಡಾಡುವುದರಿಂದ ರಾತ್ರಿಯೇ ರಕ್ತ ತೆಗೆದು ನೋಡುತ್ತಾರೆ. ಅಮ್ಮನದು ಅದಲ್ಲ. ಎರಡೂ ಮುಟ್ಟಿದರೆ ಅಂಟುವುದಿಲ್ಲ.

ಸೋಂಕು ಆರಿದ ಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ನಾಲ್ಕು ವಾರ ದಿನವೂ ಹಲವು ಪದರದ ಬ್ಯಾಂಡೇಜ್ ಸುತ್ತಿದರು. ಅವರೂ ಕೈ ನೀವುತ್ತಿದ್ದರು, ಆದರೆ ಚರ್ಮ ಮಾತ್ರ ಮೆಲ್ಲಗೆ ಸರಿಯುವಷ್ಟು ಹಗುರವಾಗಿ. ಬ್ಯಾಂಡೇಜಿನೊಳಗೇ ಬೆರಳು ಮಡಚಿ ಬಿಡಿಸುವ ವ್ಯಾಯಾಮ, ಕಂಕುಳಿನಿಂದ ಉಗುರಿನವರೆಗೆ ಚರ್ಮದ ಆರೈಕೆ. ಮೊಣಕೈ ಮೇಲಿನ ಸುತ್ತಳತೆ ಆರು ಸೆಂಟಿಮೀಟರಿನಷ್ಟು ಹೆಚ್ಚಿದ್ದದ್ದು ಎರಡೂವರೆಗೆ ಇಳಿಯಿತು. ಪೂರ್ತಿ ಹೋಗುವುದಿಲ್ಲ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಈಗ ಹಗಲೆಲ್ಲ ಒತ್ತುವ ತೋಳುಚೀಲ ಹಾಕಿಕೊಂಡೇ ಅಮ್ಮ ಹೂ ಕಟ್ಟುತ್ತಾಳೆ. ಮೊದಲೇ ಬಂದಿದ್ದರೆ ಇಷ್ಟು ಗಟ್ಟಿಯಾಗುತ್ತಿರಲಿಲ್ಲ ಎಂಬ ಮಾತನ್ನು ನಾನಿನ್ನೂ ಅವಳಿಗೆ ತಿಳಿಸಿಲ್ಲ.

ನಿಮ್ಮ ಮನೆಯಲ್ಲಿ ಇಂಥ ಶಸ್ತ್ರಚಿಕಿತ್ಸೆ ಆದವರಿದ್ದರೆ ದರ್ಜಿಯ ಟೇಪಿನಿಂದ ಎರಡೂ ಕೈಗಳನ್ನು ಒಂದೇ ಜಾಗದಲ್ಲಿ ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಎರಡು ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಬಳಿಗೇ ಹೋಗಿ. ಬಾವಿನ ಜೊತೆ ಕೆಂಪು, ಬಿಸಿ, ಚಳಿಜ್ವರ ಇದ್ದರೆ ಬೆಳಗಿನವರೆಗೆ ಕಾಯಬೇಡಿ, ಆ ರಾತ್ರಿಯೇ ಹೊರಡಿ.